ನಡುವಿನ ಪಾಠವೊಂದೇ ಸಾಲದು: ಎಪಿಡೆಮಿಯಾಲಜಿ, ಬಯೋಸ್ಟ್ಯಾಟಿಸ್ಟಿಕ್ಸ್ ಪಠ್ಯಕ್ರಮ ಮಾಡುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಸಾರ್ವಜನಿಕ ಆರೋಗ್ಯದಲ್ಲಿ ಮಾಸ್ಟರ್ಸ್ ಪದವಿ ಕೊಡುವ ವಿಶ್ವವಿದ್ಯಾಲಯಗಳಲ್ಲಿ ಪಠ್ಯಕ್ರಮ ಸಮಿತಿಗಳಲ್ಲಿ ಕೂರುವವರು ನೀವು. ಎಪಿಡೆಮಿಯಾಲಜಿ (ರೋಗ ಜನರಲ್ಲಿ ಹೇಗೆ ಹರಡುತ್ತದೆ ಅನ್ನುವ ಅಧ್ಯಯನ), ಬಯೋಸ್ಟ್ಯಾಟಿಸ್ಟಿಕ್ಸ್ (ಆರೋಗ್ಯದ ಅಂಕಿಅಂಶ ಶಾಸ್ತ್ರ) ಓದಿ ನಿಮ್ಮಲ್ಲಿಂದ ಹೊರಬಿದ್ದವರು ಬಂದು ಸೇರುವುದು ನಮ್ಮಂಥ ಕಚೇರಿಗಳಿಗೆ. ಯಾವ ರೋಗ ಎಲ್ಲಿ ಜಾಸ್ತಿಯಾಗುತ್ತಿದೆ, ಯಾರಿಗೆ ಬರುತ್ತಿದೆ, ಯಾಕೆ ಬರುತ್ತಿದೆ ಅಂತ ಲೆಕ್ಕ ಇಡುವ ಕಚೇರಿಗಳು. ಈ ಪತ್ರ ಆ ಕಡೆಯಿಂದ ಬರುತ್ತಿದೆ.

ಬೈಯುವುದಕ್ಕೆ ಬರೆದದ್ದಲ್ಲ. ಬರುವ ಹುಡುಗ ಹುಡುಗಿಯರು ಜಾಣರು. ಡೇಟಾ ವಿಶ್ಲೇಷಿಸುವ ಲೆಕ್ಕದ ವಿಧಾನಗಳೆಲ್ಲ ಬರುತ್ತವೆ: ಲಾಜಿಸ್ಟಿಕ್ ರಿಗ್ರೆಷನ್ ಗೊತ್ತು, ಕಾಕ್ಸ್ ಮಾಡೆಲ್ ಗೊತ್ತು, ಕಪ್ಲಾನ್-ಮೇಯರ್ ಗ್ರಾಫ್ ನಿದ್ದೆಗಣ್ಣಲ್ಲೂ ಹಾಕುತ್ತಾರೆ. ಆದರೆ ನಮ್ಮ ಕೆಲಸ ಶುರುವಾಗುವುದು ಇದೆಲ್ಲಕ್ಕೂ ಮೊದಲು, ಮುಗಿಯುವುದು ಇದೆಲ್ಲ ಆದ ಮೇಲೆ. ಒಂದು ಸಂಖ್ಯೆ ಎಲ್ಲಿ, ಯಾರ ಕೈಯಲ್ಲಿ, ಹೇಗೆ ಹುಟ್ಟಿತು ಅನ್ನುವುದು ಮೊದಲ ಭಾಗ. ಆ ಸಂಖ್ಯೆ ಹಿಡಿದುಕೊಂಡು ಯಾರೋ ಒಬ್ಬರು ಇವತ್ತು ಸಂಜೆಯೊಳಗೆ ಒಂದು ನಿರ್ಧಾರ ತೆಗೆದುಕೊಳ್ಳಬೇಕು ಅನ್ನುವುದು ಕೊನೆಯ ಭಾಗ. ನೀವು ಕಲಿಸುತ್ತಿರುವುದು ನಡುವಿನದ್ದು. ಅದನ್ನು ಚೆನ್ನಾಗಿಯೇ ಕಲಿಸುತ್ತೀರಿ. ಆಚೆ ಈಚೆ ಎರಡನ್ನೂ 'ಕೆಲಸಕ್ಕೆ ಸೇರಿದ ಮೇಲೆ ಕಲೀತಾರೆ ಬಿಡಿ' ಅಂತ ನಮಗೆ ಬಿಟ್ಟಿದ್ದೀರಿ. ನನ್ನ ತಕರಾರು ಅಷ್ಟೇ.

ಕ್ಲಾಸಿನಲ್ಲಿ ಕೊಡುವ ಡೇಟಾ ಫೈಲ್ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಒಬ್ಬರಿಗೆ ಒಂದು ಸಾಲು. ಪ್ರತಿ ಕಾಲಂಗೂ ಹೆಸರು, ಜೊತೆಗೆ ಅದರ ವಿವರಣೆಯ ಹಾಳೆ. ಎಲ್ಲೋ ಒಂದೆರಡು ಖಾನೆ ಖಾಲಿ ಇದ್ದರೆ ಅದನ್ನೂ ಮೇಷ್ಟ್ರೇ ಬೇಕಂತ ಖಾಲಿ ಬಿಟ್ಟಿರುತ್ತಾರೆ, 'ಮಿಸ್ಸಿಂಗ್ ಡೇಟಾ' ಪಾಠಕ್ಕೆ ಬೇಕಲ್ಲ ಅಂತ.

ಈಗ ಕಚೇರಿಗೆ ಬರುವ ಲೈನ್ ಲಿಸ್ಟ್, ಅಂದರೆ ಒಬ್ಬೊಬ್ಬ ರೋಗಿಗೆ ಒಂದೊಂದು ಸಾಲಿರುವ ಪಟ್ಟಿ, ನೋಡಿ. ವಯಸ್ಸಿನ ಕಾಲಂನಲ್ಲಿ 99 ಅಂತಿದೆ. ಅದು 99 ವರ್ಷದ ಅಜ್ಜಿಯೋ, 'ವಯಸ್ಸು ಗೊತ್ತಿಲ್ಲ' ಅನ್ನುವ ಸಂಕೇತವೋ? ಸ್ವಲ್ಪ ಕೆಳಗೆ 999 ಇದೆ, ಅದಾದರೂ ವಾಸಿ, ಅನುಮಾನಕ್ಕೆ ಜಾಗವಿಲ್ಲ. ಇನ್ನೊಂದು ಕಡೆ ಬರೀ 8. ಎಂಟು ವರ್ಷವೋ ಎಂಟು ತಿಂಗಳೋ ಹೇಳುವವರಿಲ್ಲ. ದಿನಾಂಕ 03/04 ಅಂತ ಬರೆದಿದ್ದಾರೆ. ಅದು ಮಾರ್ಚ್ ಇರಬಹುದು, ಏಪ್ರಿಲ್ಲೂ ಇರಬಹುದು. ಒಬ್ಬರೇ ಎರಡು ಲ್ಯಾಬ್‌ಗೆ ಹೋಗಿದ್ದಾರೆ, ಹೆಸರಿನ ಸ್ಪೆಲ್ಲಿಂಗ್ ಎರಡು ಥರ ಇದೆ, ಹಾಗಾಗಿ ಲೆಕ್ಕದಲ್ಲಿ ಇಬ್ಬರಾಗಿದ್ದಾರೆ. ಜನವರಿ 1ಕ್ಕೆ ಹುಟ್ಟಿದವರ ಸಂಖ್ಯೆ ನೋಡಿದರೆ ಗಾಬರಿಯಾಗಬೇಕು. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಫಾರ್ಮ್ ತುಂಬುವವರು ಆ ದಿನವನ್ನೇ ದಯಪಾಲಿಸಿದ್ದಾರೆ. ವಯಸ್ಸು ಕೇಳಿದರೆ ಜನ 30, 35, 40 ಅಂತಾರೆ, 37 ಅನ್ನುವವರು ಕಡಿಮೆ. ಇದು ಎಷ್ಟು ಹಳೆಯ ರೋಗ ಅಂದರೆ, ಇದನ್ನು ಅಳೆಯಲು ಜನಸಂಖ್ಯೆ ಲೆಕ್ಕದವರ ಹತ್ತಿರ ವಿಪಲ್ ಸೂಚ್ಯಂಕ ಅಂತ ಒಂದು ಅಳತೆಯೇ ಇದೆ. 23ರಿಂದ 62 ವರ್ಷದೊಳಗಿನವರಲ್ಲಿ 0 ಅಥವಾ 5ಕ್ಕೆ ಮುಗಿಯುವ ವಯಸ್ಸು ಹೇಳಿದವರು ಇರಬೇಕಾದ್ದಕ್ಕಿಂತ ಎಷ್ಟು ಜಾಸ್ತಿ ಅಂತ ಅದು ನೋಡುತ್ತದೆ.

ಈ ಫೈಲ್ ಎದುರಿಗೆ ಕೂತ ಹೊಸಬರು ಮೊದಲು ಮಾಡುವ ಕೆಲಸ ಏನು ಗೊತ್ತಾ? ಅರ್ಧಂಬರ್ಧ ಇರುವ ಸಾಲುಗಳನ್ನೆಲ್ಲ ಅಳಿಸಿಬಿಡುತ್ತಾರೆ. ಆಮೇಲೆ ಮಾಡೆಲ್ ಓಡಿಸುತ್ತಾರೆ. ಅಳಿಸಿದ ಸಾಲುಗಳಲ್ಲಿ ಇದ್ದವರು ಯಾರು? ಪ್ರಜ್ಞೆ ತಪ್ಪಿ ಬಂದು ಮಾತಾಡಲಾಗದೆ ಇದ್ದವರು, ಬಂದ ಗಂಟೆಯಲ್ಲೇ ತೀರಿಕೊಂಡವರು, ವಿಳಾಸವೇ ಇಲ್ಲದವರು. ಅಂದರೆ ಯಾರ ಬಗ್ಗೆ ನಾವು ಮೊದಲು ತಿಳಿದುಕೊಳ್ಳಬೇಕೋ ಅವರೇ ಹೊರಗೆ. ಫಾರ್ಮ್ ತುಂಬಿದ ನರ್ಸ್‌ಗೆ ಒಂದು ಫೋನ್ ಮಾಡಿದ್ದರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತಿತ್ತು. ಆದರೆ ಫೋನ್ ಮಾಡಿ ಕೇಳುವುದೂ ಈ ವಿದ್ಯೆಯ ಒಂದು ಭಾಗ ಅಂತ ಅವರಿಗೆ ಯಾರೂ ಹೇಳಿಲ್ಲ.

ಇನ್ನೊಂದು ಉದಾಹರಣೆ. ಕಾಯಿಲೆ ಶುರುವಾದ ದಿನದ ಪ್ರಕಾರ ಕೇಸುಗಳ ಗ್ರಾಫ್ ಹಾಕಿ ನೋಡಿ. ಎಡದಿಂದ ಏರುತ್ತಾ ಬರುತ್ತದೆ, ಬಲತುದಿಗೆ ಬಂದಾಗ ಇಳಿಯುತ್ತದೆ. ರೋಗ ಏರುತ್ತಲೇ ಇದ್ದರೂ ಬಲತುದಿ ಇಳಿದ ಹಾಗೇ ಕಾಣುತ್ತದೆ. ಜ್ವರ ಬಂದವರು ಒಂದೆರಡು ದಿನ ಸುಮ್ನೆ ಮಲಗಿರುತ್ತಾರೆ. ಆಮೇಲೆ ಡಾಕ್ಟರ ಹತ್ತಿರ ಹೋಗುತ್ತಾರೆ. ಸ್ಯಾಂಪಲ್ ಲ್ಯಾಬ್‌ಗೆ ಹೋಗುತ್ತದೆ, ರಿಪೋರ್ಟ್ ಬರುತ್ತದೆ, ಅದನ್ನು ಯಾರೋ ಕಂಪ್ಯೂಟರ್‌ಗೆ ಹಾಕುತ್ತಾರೆ. ಅಷ್ಟು ಹೊತ್ತಿಗೆ ಒಂದು ವಾರ ಕಳೆದಿರುತ್ತದೆ. ಹಾಗಾಗಿ ಕಳೆದ ವಾರದ ಕಂಬಗಳು ಇನ್ನೂ ಬೆಳೆಯುತ್ತಲೇ ಇರುತ್ತವೆ. ಇದು ಗೊತ್ತಿಲ್ಲದವರು ಗ್ರಾಫ್ ನೋಡಿ 'ರೋಗ ಇಳೀತಿದೆ' ಅಂತ ಮೇಲಿನವರಿಗೆ ಹೇಳಿಬಿಡುತ್ತಾರೆ. ಮೇಲಿನವರಿಗೂ ಕೇಳಬೇಕಾಗಿದ್ದದ್ದು ಅದೇ. ಈ ವಿಳಂಬವನ್ನು ಸರಿದೂಗಿಸುವ ವಿಧಾನಗಳಿವೆ. 1980ರ ದಶಕದಲ್ಲಿ ಏಡ್ಸ್ ವರದಿಗಳು ತಡವಾಗಿ ಬರುತ್ತಿದ್ದಾಗ ಸ್ಟ್ಯಾಟಿಸ್ಟಿಷಿಯನ್‌ಗಳು ಇದರ ಮೇಲೆ ತುಂಬ ಕೆಲಸ ಮಾಡಿದರು. ಇವತ್ತು ನೌಕಾಸ್ಟಿಂಗ್ ಅಂತ ಕರೆಯುತ್ತಾರೆ. ಬಯೋಸ್ಟ್ಯಾಟಿಸ್ಟಿಕ್ಸ್‌ನ ಸೊಗಸಾದ ಒಂದು ಮೂಲೆ ಇದು. ಮಾಸ್ಟರ್ಸ್ ಮುಗಿಸಿದ ಎಷ್ಟು ಜನ ಇದನ್ನು ಕೈಯಾರೆ ಮಾಡಿ ನೋಡಿದ್ದಾರೆ? ಕೋರ್ಸ್‌ನಲ್ಲಿ ಗ್ರಾಫ್ ಯಾವಾಗಲೂ ಮುಗಿದು ಹೋದ ರೋಗದ್ದು. ಎಲ್ಲ ಕಂಬಗಳೂ ಪೂರ್ತಿ ಬೆಳೆದು ನಿಂತಿರುತ್ತವೆ.

ಯಾರನ್ನು ಕೇಸ್ ಅಂತ ಎಣಿಸಬೇಕು ಅನ್ನುವ ವಿಷಯವೂ ಹೀಗೆಯೇ. 2020ರ ಫೆಬ್ರವರಿಯಲ್ಲಿ ಚೀನಾದ ಹುಬೇ ಪ್ರಾಂತ್ಯ ಒಂದೇ ದಿನದಲ್ಲಿ 14,840 ಹೊಸ ಕೋವಿಡ್ ಕೇಸುಗಳನ್ನು ವರದಿ ಮಾಡಿತು. ಜಗತ್ತು ಬೆಚ್ಚಿಬಿತ್ತು. ವೈರಸ್ ಆ ರಾತ್ರಿ ಏನೂ ವಿಶೇಷ ಮಾಡಿರಲಿಲ್ಲ. ಅಲ್ಲಿಯವರೆಗೆ ಲ್ಯಾಬ್‌ನಲ್ಲಿ ಖಚಿತವಾದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು, ಅವತ್ತಿನಿಂದ ರೋಗಲಕ್ಷಣ ಮತ್ತು ಸ್ಕ್ಯಾನ್ ನೋಡಿ ಡಾಕ್ಟರ್ ಹೇಳಿದವರನ್ನೂ ಸೇರಿಸಿದರು. ಆ ಸಂಖ್ಯೆಯಲ್ಲಿ 13,332 ಜನ ಹಾಗೆ ಸೇರಿಕೊಂಡವರು. ಅಂಥ ಡೇಟಾವನ್ನು ಯಾವ ಮಾಡೆಲ್‌ಗೆ ಹಾಕಿದರೂ, ವ್ಯಾಖ್ಯಾನ ಬದಲಾದ ದಿನ ಯಾವುದು ಅಂತ ತಿಳಿಯದೆ ಹೋದರೆ ಬರುವ ಉತ್ತರಕ್ಕೆ ಅರ್ಥವಿಲ್ಲ.

ಅದೇ ವರ್ಷ ಇಂಗ್ಲೆಂಡಿನಲ್ಲಿ ಏನಾಯಿತು ನೆನಪಿದೆಯಾ? ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಪಾಸಿಟಿವ್ ಕೇಸುಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. ಲ್ಯಾಬ್‌ಗಳಿಂದ ಬಂದ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ಫಾರ್ಮ್ಯಾಟ್‌ಗೆ ತುಂಬುತ್ತಿದ್ದರು. ಆ ಫಾರ್ಮ್ಯಾಟ್‌ನ ಒಂದು ಹಾಳೆಯಲ್ಲಿ 65,536 ಸಾಲುಗಳಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಅದಕ್ಕೂ ಹೆಚ್ಚಿನದ್ದು ಸದ್ದಿಲ್ಲದೆ ಹೊರಗೆ ಬಿತ್ತು. ಪಾಸಿಟಿವ್ ಬಂದವರಿಗೆ ಅವರ ರಿಪೋರ್ಟ್ ಏನೋ ಸಿಕ್ಕಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ದಿನಗಟ್ಟಲೆ ತಡವಾಯಿತು. ಇದನ್ನು ಐಟಿ ವಿಭಾಗದ ತಲೆಗೆ ಕಟ್ಟಿ ಮುಂದೆ ಹೋಗಬಹುದು. ನನ್ನ ಪ್ರಕಾರ ಇದು ಎಪಿಡೆಮಿಯಾಲಜಿಯ ಪಾಠ. ನಿನ್ನೆ ಎಷ್ಟು ಸಾಲು ಬಂತು, ಇವತ್ತು ಎಷ್ಟು ಬಂತು, ಲ್ಯಾಬ್ ಕಳಿಸಿದ್ದೆಷ್ಟು, ನಮ್ಮ ಕೈ ಸೇರಿದ್ದೆಷ್ಟು ಅಂತ ತಾಳೆ ನೋಡುವ ಅಭ್ಯಾಸವನ್ನು ಮೊದಲ ಸೆಮಿಸ್ಟರಿನಲ್ಲೇ ಕಲಿಸಬಹುದು. ಅದಕ್ಕೆ ಕ್ಯಾಲ್ಕುಲಸ್ ಬೇಡ.

ಲಂಡನ್ನಿನ ಡಾಕ್ಟರ್ ಜಾನ್ ಸ್ನೋ ಕಥೆ ಎಲ್ಲ ಕೋರ್ಸ್‌ಗಳಲ್ಲೂ ಮೊದಲ ವಾರವೇ ಬರುತ್ತದೆ. 1854, ಲಂಡನ್, ಬ್ರಾಡ್ ಸ್ಟ್ರೀಟ್ ಪಂಪ್, ಅದರ ನೀರಿನಿಂದ ಕಾಲರಾ ಬರುತ್ತಿದೆ ಅಂತ ಹಿಡಿಕೆ ತೆಗೆಸಿದ್ದು. ನನಗೆ ಈ ಕಥೆಯ ಮೇಲೆ ಸ್ವಲ್ಪ ಬೇಸರವೇ. ಹಿಡಿಕೆ ತೆಗೆಸುವ ಹೊತ್ತಿಗೆ ಅಲ್ಲಿನ ಕಾಲರಾ ಆಗಲೇ ಇಳಿಮುಖವಾಗಿತ್ತು, ಸ್ನೋ ಅದನ್ನು ಮುಚ್ಚಿಡಲೂ ಇಲ್ಲ. ಅದೇ ವರ್ಷ ಅವನು ಮಾಡಿದ ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು. ದಕ್ಷಿಣ ಲಂಡನ್ನಿನ ಒಂದಷ್ಟು ಭಾಗಕ್ಕೆ ಎರಡು ಕಂಪನಿಗಳು ನೀರು ಕೊಡುತ್ತಿದ್ದವು. ಒಂದೇ ಬೀದಿಯಲ್ಲಿ ಒಂದು ಮನೆಗೆ ಈ ಕಂಪನಿ, ಪಕ್ಕದ ಮನೆಗೆ ಆ ಕಂಪನಿ. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ನೀರೆತ್ತುವ ಜಾಗವನ್ನು ಥೇಮ್ಸ್ ನದಿಯ ಮೇಲ್ಭಾಗಕ್ಕೆ, ನಗರದ ಕೊಳಚೆ ಸೇರದ ಕಡೆಗೆ ಒಯ್ದಿತ್ತು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಕೊಳಚೆ ಸೇರುವ ಕಡೆಯಿಂದಲೇ ಎತ್ತುತ್ತಿತ್ತು.

ಸತ್ತವರ ವಿಳಾಸಗಳು ಸ್ನೋಗೆ ಜನನ ಮರಣ ನೋಂದಣಿ ಕಚೇರಿಯ ವಿಲಿಯಂ ಫಾರ್ ಕಡೆಯಿಂದ ಸಿಕ್ಕವು. ಆದರೆ ಆ ಮನೆಗೆ ನೀರು ಯಾವ ಕಂಪನಿಯದ್ದು? ಬಹಳ ಜನರಿಗೆ ಗೊತ್ತೇ ಇರಲಿಲ್ಲ. ಅವರು ವಾರದ ಬಾಡಿಗೆಗೆ ಇದ್ದವರು, ನೀರಿನ ಬಿಲ್ ಕಟ್ಟುತ್ತಿದ್ದದ್ದು ಬೇರೆಲ್ಲೋ ಇದ್ದ ಮಾಲೀಕ. ಸ್ನೋ ಅದಕ್ಕೊಂದು ಉಪಾಯ ಕಂಡುಕೊಂಡ. ಕೊಳಚೆ ಕಡೆಯ ನೀರಿನಲ್ಲಿ ಉಪ್ಪಿನಂಶ ತುಂಬ ಜಾಸ್ತಿ ಇತ್ತು. ಸಿಲ್ವರ್ ನೈಟ್ರೇಟ್ ಹಾಕಿದರೆ ಎರಡೂ ನೀರಿನ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಹಾಗೆ ಮನೆ ಮನೆ ತಿರುಗಿ ಭಿನ್ನರಾಶಿಯ ಮೇಲಿನ ಸಂಖ್ಯೆ, ಅಂದರೆ ಅಂಶ, ಸಿಕ್ಕಿತು: ಯಾವ ಕಂಪನಿಯ ನೀರು ಬರುವ ಮನೆಗಳಲ್ಲಿ ಎಷ್ಟು ಸಾವು ಅಂತ. ಕೆಳಗಿನ ಸಂಖ್ಯೆ, ಛೇದ, ಬೇಕಲ್ಲ? ಪ್ರತಿ ಕಂಪನಿ ಎಷ್ಟು ಮನೆಗೆ ನೀರು ಕೊಡುತ್ತದೆ ಅನ್ನುವುದು ಕಂಪನಿಗಳು ಸರ್ಕಾರಕ್ಕೆ ಸಲ್ಲಿಸಿದ ಲೆಕ್ಕದಲ್ಲಿತ್ತು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್: 40,046 ಮನೆ, 1,263 ಸಾವು. ಲ್ಯಾಂಬೆತ್: 26,107 ಮನೆ, 98 ಸಾವು. ಅಂದರೆ ಪ್ರತಿ 10,000 ಮನೆಗೆ ಒಂದು ಕಡೆ 315, ಇನ್ನೊಂದು ಕಡೆ 37. ಬರೀ ಭಾಗಾಕಾರ! ಕಷ್ಟಪಟ್ಟದ್ದೆಲ್ಲ ಅಂಶ ಮತ್ತು ಛೇದವನ್ನು ಸರಿಯಾಗಿ ಹುಡುಕುವುದರಲ್ಲಿ. ನಿಮ್ಮ ಪಠ್ಯಪುಸ್ತಕಗಳು ಪಂಪಿನ ನಕ್ಷೆಗೆ ಒಂದು ಪುಟ ಕೊಡುತ್ತವೆ, ಸಿಲ್ವರ್ ನೈಟ್ರೇಟ್‌ಗೆ ಒಂದು ಸಾಲೂ ಕೊಡುವುದಿಲ್ಲ.

ಛೇದದ ವಿಷಯದಲ್ಲಿ ಎಡವುವುದು ಹೊಸಬರಷ್ಟೇ ಅಲ್ಲ. ಆಸ್ಪತ್ರೆಗೆ ಬಂದವರನ್ನು ಮಾತ್ರ ನೋಡಿದರೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕಾಯಿಲೆಗಳ ನಡುವೆಯೂ ನಂಟು ಇರುವ ಹಾಗೆ ಕಾಣಬಹುದು ಅಂತ ಜೋಸೆಫ್ ಬರ್ಕ್ಸನ್ 1946ರಲ್ಲೇ ಲೆಕ್ಕ ಮಾಡಿ ತೋರಿಸಿದ. ಇವತ್ತಿಗೂ ಆಸ್ಪತ್ರೆಯ ಫೈಲುಗಳನ್ನಷ್ಟೇ ಇಟ್ಟುಕೊಂಡು ಇಡೀ ಜನರ ಬಗ್ಗೆ ತೀರ್ಮಾನ ಹೇಳುವ ಥೀಸಿಸ್‌ಗಳು ಬರುತ್ತಲೇ ಇವೆ. ವಿದ್ಯಾರ್ಥಿಗಳಿಗೆ ಈ ತಪ್ಪಿನ ಬರ್ಕ್ಸನ್ ಬಯಾಸ್ (ಲೆಕ್ಕವನ್ನು ಒಂದು ಕಡೆಗೆ ವಾಲಿಸುವ ದೋಷ) ಅನ್ನುವ ಹೆಸರು ಗೊತ್ತು, ಪರೀಕ್ಷೆಯಲ್ಲಿ ಬರೆದಿರುತ್ತಾರೆ. ತಮ್ಮದೇ ಫೈಲಿನಲ್ಲಿ ಅದು ಕೂತಿದ್ದರೆ ಗುರುತಿಸುವುದಿಲ್ಲ. ಬಯಾಸ್‌ಗಳ ಹೆಸರುಗಳನ್ನು ಬಾಯಿಪಾಠ ಮಾಡಿಸುವುದನ್ನು ಬಿಟ್ಟರೂ ನಷ್ಟವಿಲ್ಲ ಅಂತ ನನಗೆ ಅನ್ನಿಸುವುದು ಇದಕ್ಕೇ.

ಥಿಯರಿ ಕಡಿಮೆ ಮಾಡಿ ಅಂತ ನಾನು ಕೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಋತುಬಂಧದ ನಂತರ ಹಾರ್ಮೋನ್ ತೆಗೆದುಕೊಂಡ ಮಹಿಳೆಯರಿಗೆ ಹೃದಯದ ಕಾಯಿಲೆ ಕಡಿಮೆ ಅಂತ ದೊಡ್ಡ ದೊಡ್ಡ ಅವಲೋಕನ ಅಧ್ಯಯನಗಳು (ತಾವಾಗಿ ಔಷಧ ಕೊಡದೆ ಜನರನ್ನು ಗಮನಿಸುವಂಥವು) ಹೇಳುತ್ತಿದ್ದವು. 2002ರಲ್ಲಿ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅನ್ನುವ ಪ್ರಯೋಗದಲ್ಲಿ ಈಸ್ಟ್ರೋಜೆನ್ ಜೊತೆ ಪ್ರೊಜೆಸ್ಟಿನ್ ಕೊಟ್ಟ ಭಾಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಅಲ್ಲಿ ಹೃದಯದ ತೊಂದರೆ ಕಡಿಮೆಯಾಗುವುದಿರಲಿ, ಜಾಸ್ತಿಯೇ ಕಂಡಿತು. ಎರಡೂ ಕಡೆಯ ಉತ್ತರ ಯಾಕೆ ಬೇರೆಯಾಯಿತು ಅಂತ ಬಿಡಿಸಿ ನೋಡಿದವರು, ಎಣಿಕೆ ಯಾವ ದಿನದಿಂದ ಶುರು ಮಾಡಬೇಕು, ಔಷಧ ಹೊಸದಾಗಿ ಶುರು ಮಾಡಿದವರನ್ನೂ ಮೊದಲೇ ತೆಗೆದುಕೊಳ್ಳುತ್ತಿದ್ದವರನ್ನೂ ಒಂದೇ ಗುಂಪಿಗೆ ಹಾಕಬಹುದೇ ಅನ್ನುವ ಪ್ರಶ್ನೆಗಳನ್ನು ಎತ್ತಿದರು. ಗಟ್ಟಿ ಥಿಯರಿ ಇಲ್ಲದೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ಆದರೆ ಅದು ಹುಟ್ಟುವುದು ಈ ಸಾಲು ಎಲ್ಲಿಂದ ಬಂತು, ಯಾವ ದಿನದ್ದು ಅಂತ ಕೇಳುವ ಅಭ್ಯಾಸ ಇದ್ದವರ ತಲೆಯಲ್ಲಿ.

ಇನ್ನೊಂದು ತಕರಾರು ನಿಮ್ಮ ಕಟ್ಟಡದ ಬಗ್ಗೆ. ಎಪಿಡೆಮಿಯಾಲಜಿಯವರು ಒಂದು ಮಹಡಿ, ಬಯೋಸ್ಟ್ಯಾಟಿಸ್ಟಿಕ್ಸ್‌ನವರು ಇನ್ನೊಂದು ಮಹಡಿ. ಇವರಿಗೆ ಗಣಿತ ಕಂಡರೆ ಭಯ, ಅವರಿಗೆ ರೋಗಿ ಕಂಡರೆ ಭಯ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು 1950ರಲ್ಲಿ ಬ್ರಿಟನ್ನಿನಲ್ಲಿ ತೋರಿಸಿದವರು ಇಬ್ಬರು. ರಿಚರ್ಡ್ ಡಾಲ್ ಡಾಕ್ಟರ್. ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್‌ಗೆ ವೈದ್ಯಕೀಯ ಪದವಿಯೇ ಇರಲಿಲ್ಲ. ಕ್ಷಯರೋಗ ಬಂದು ಹಾಸಿಗೆ ಹಿಡಿದಿದ್ದರಿಂದ ಡಾಕ್ಟರ್ ಆಗುವ ಆಸೆ ಬಿಟ್ಟು, ಅಂಚೆ ಮೂಲಕ ಅರ್ಥಶಾಸ್ತ್ರ ಓದಿ ಸ್ಟ್ಯಾಟಿಸ್ಟಿಷಿಯನ್ ಆದವನು. 1951ರಲ್ಲಿ ಇಬ್ಬರೂ ಸೇರಿ ಬ್ರಿಟನ್ನಿನ ಡಾಕ್ಟರುಗಳಿಗೆಲ್ಲ ಒಂದು ಸಣ್ಣ ಪ್ರಶ್ನಾವಳಿ ಕಳಿಸಿದರು. ಸುಮಾರು 40,000 ಜನ ಉತ್ತರಿಸಿದರು. ಡಾಕ್ಟರುಗಳನ್ನೇ ಯಾಕೆ ಆರಿಸಿಕೊಂಡರು? ಅವರ ಹೆಸರು ವಿಳಾಸ ರಿಜಿಸ್ಟರಿನಲ್ಲಿ ಇರುತ್ತದೆ, ಸತ್ತರೆ ಗೊತ್ತಾಗುತ್ತದೆ, ಸಾವಿನ ಕಾರಣವೂ ಸರಿಯಾಗಿ ದಾಖಲಾಗುತ್ತದೆ. ಆ ಗುಂಪನ್ನು 50 ವರ್ಷ ಹಿಂಬಾಲಿಸಿದರು. ರೋಗ ಗೊತ್ತಿದ್ದವನೂ ಲೆಕ್ಕ ಗೊತ್ತಿದ್ದವನೂ ಒಂದೇ ಟೇಬಲ್ಲಿಗೆ ಕೂತಿದ್ದರಿಂದ ಇಂಥ ಆಯ್ಕೆ ಸಾಧ್ಯವಾಯಿತು. ನಿಮ್ಮಲ್ಲಿ ಎರಡೂ ವಿಭಾಗದ ವಿದ್ಯಾರ್ಥಿಗಳು ಜೋಡಿಯಾಗಿ ಒಂದು ಥೀಸಿಸ್ ಬರೆಯಲು ನಿಯಮದಲ್ಲಿ ಅವಕಾಶ ಇದೆಯಾ? ಬಹಳ ಕಡೆ ಇಲ್ಲ. 'ಯಾರದ್ದು ಎಷ್ಟು ಕೆಲಸ ಅಂತ ಅಂಕ ಹೇಗೆ ಕೊಡೋದು' ಅನ್ನುತ್ತಾರೆ. ಕಚೇರಿಯಲ್ಲಿ ಒಬ್ಬರೇ ಮಾಡುವ ಕೆಲಸ ಒಂದೂ ಇಲ್ಲ.

ಇನ್ನು ಕೊನೆಯ ಭಾಗ. ವಿಶ್ಲೇಷಣೆ ಮುಗೀತು, ಯಾರಿಗೋ ಹೇಳಬೇಕು. ಹೊಸ ರ‍್ಯಾಪಿಡ್ ಟೆಸ್ಟ್ ಬಂದಿದೆ ಅನ್ನಿ. ಸೋಂಕಿದ್ದವರಲ್ಲಿ 100ಕ್ಕೆ 99 ಜನರನ್ನು ಹಿಡಿಯುತ್ತದೆ, ಸೋಂಕಿಲ್ಲದವರಲ್ಲಿ 100ಕ್ಕೆ 95 ಜನರಿಗೆ ಸರಿಯಾಗಿ ನೆಗೆಟಿವ್ ತೋರಿಸುತ್ತದೆ. ಆರೋಗ್ಯ ಅಧಿಕಾರಿ ಕೇಳುತ್ತಾರೆ: 'ಎಲ್ಲರಿಗೂ ಮಾಡಿಬಿಡೋಣ ಅಲ್ವಾ?' ನಮ್ಮ ಪದವೀಧರರು ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ, ಕಾನ್ಫಿಡೆನ್ಸ್ ಇಂಟರ್ವಲ್ ಅಂತ ಎರಡು ಸ್ಲೈಡ್ ತೋರಿಸುತ್ತಾರೆ. ಅಧಿಕಾರಿ ತಲೆಯಾಡಿಸುತ್ತಾರೆ, ಏನೂ ಅರ್ಥವಾಗಿರುವುದಿಲ್ಲ. ಹೇಳಬೇಕಾಗಿದ್ದದ್ದು ಇಷ್ಟು: 10,000 ಜನರಲ್ಲಿ 100 ಜನರಿಗೆ ಸೋಂಕಿದೆ ಅಂತ ಇಟ್ಟುಕೊಳ್ಳಿ. ಟೆಸ್ಟ್ ಅವರಲ್ಲಿ 99 ಜನರನ್ನು ಹಿಡಿಯುತ್ತದೆ. ಉಳಿದ 9,900 ಆರೋಗ್ಯವಂತರಲ್ಲಿ 495 ಜನರಿಗೂ ಪಾಸಿಟಿವ್ ಅಂತ ಹೇಳುತ್ತದೆ. ಪಾಸಿಟಿವ್ ಬಂದ 594 ಜನರಲ್ಲಿ ನಿಜವಾಗಿ ಸೋಂಕಿರುವುದು ಆರರಲ್ಲಿ ಒಬ್ಬರಿಗೆ. ಉಳಿದ ಐದು ಜನರನ್ನು ನಾವು ಏನು ಮಾಡೋಣ, ಎರಡನೇ ಟೆಸ್ಟ್ ಮಾಡಲು ಕಿಟ್ ಇದೆಯಾ, ಜನ ಇದ್ದಾರಾ? ಅಲ್ಲಿಂದ ಮಾತುಕತೆ ಶುರುವಾಗುತ್ತದೆ.

ಪಿ-ವ್ಯಾಲ್ಯೂ ಕಥೆಯೂ ಅದೇ. ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಎಷ್ಟು ಅಂತ ಹೇಳುವ ಸಂಖ್ಯೆ ಅದು. ಫಲಿತಾಂಶ 0.05ರ ಗೆರೆ ದಾಟಿತೋ ಇಲ್ಲವೋ ಅನ್ನುವುದೊಂದರ ಮೇಲೆ ನೀತಿ ನಿರ್ಧಾರ ಮಾಡಬೇಡಿ ಅಂತ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಹೇಳಿಕೆಯನ್ನೇ ಹೊರಡಿಸಿತು. ಬರುವ ರಿಪೋರ್ಟ್‌ಗಳಲ್ಲಿ ಇನ್ನೂ ಗೆರೆ ದಾಟಿದ್ದಕ್ಕೆ ನಕ್ಷತ್ರ ಹಾಕುವುದು ನಿಂತಿಲ್ಲ.

ಮೊದಲ ಭಾಗ, ಕೊನೆಯ ಭಾಗ ಎರಡನ್ನೂ ಕಲಿಸಲು ಆಗುವುದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯಲ್ಲಿ ಅಲೆಕ್ಸಾಂಡರ್ ಲ್ಯಾಂಗ್‌ಮ್ಯೂರ್ 1951ರಲ್ಲಿ ಎಪಿಡೆಮಿಕ್ ಇಂಟೆಲಿಜೆನ್ಸ್ ಸರ್ವೀಸ್ ಶುರು ಮಾಡಿದಾಗ ಸೂತ್ರ ಸರಳವಾಗಿತ್ತು: ಸ್ವಲ್ಪ ದಿನ ಪಾಠ, ಉಳಿದ ಎರಡು ವರ್ಷ ನಿಜವಾದ ರೋಗಗಳ ಹಿಂದೆ ಓಡಾಟ. ಅದೇ ಮಾದರಿಯ ತರಬೇತಿ ಆಮೇಲೆ ಹಲವು ದೇಶಗಳಲ್ಲಿ ಬೇರುಬಿಟ್ಟಿದೆ. ಕೆಲಸ ಮಾಡುತ್ತಾ ಕಲಿಯುವುದು ಅಲ್ಲಿ ಮೂಲೆಯ ಇಂಟರ್ನ್‌ಶಿಪ್ ಅಲ್ಲ, ಅದೇ ಕೋರ್ಸ್. ನಿಮ್ಮ ಪದವಿಯನ್ನು ಪೂರ್ತಿ ಹಾಗೆ ಮಾಡಿ ಅನ್ನುವುದಿಲ್ಲ. ಒಂದು ಸೆಮಿಸ್ಟರ್ ಕೊಡಿ.

ಆ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗೆ ಒಂದು ಕಚ್ಚಾ ಫೈಲ್ ಕೊಡಿ. ಹೆಸರು ವಿಳಾಸ ತೆಗೆದದ್ದು, ಆದರೆ ತೊಳೆಯದೇ ಇರುವಂಥದ್ದು. ಅದರಲ್ಲಿ ಏನೇನು ತಪ್ಪಿದೆ, ಯಾವುದನ್ನು ಯಾಕೆ ತಿದ್ದಿದೆ, ಯಾವುದನ್ನು ತಿದ್ದದೆ ಬಿಟ್ಟೆ ಅಂತ ಬರೆದಿಡಲಿ. ಅದಕ್ಕೇ ಅರ್ಧ ಅಂಕ ಕೊಡಿ. ಫಾರ್ಮ್ ತುಂಬುವವರ ಪಕ್ಕದಲ್ಲಿ ಕೆಲವು ದಿನ ಕೂತು ಬರಲಿ. ಕೊನೆಗೆ ಒಂದೇ ಪುಟದ ಟಿಪ್ಪಣಿ ಬರೆಯಲಿ, ಅದನ್ನು ಓದಿ ಅಂಕ ಕೊಡುವವರು ಪ್ರೊಫೆಸರ್ ಆಗಿರುವುದು ಬೇಡ. ಲೆಕ್ಕ ಗೊತ್ತಿಲ್ಲದ, ನಿರ್ಧಾರ ಮಾಡುವ ಕುರ್ಚಿಯಲ್ಲಿರುವ ಯಾರಾದರೂ ಆಗಲಿ. ಥೀಸಿಸ್ ಅಂದರೆ ಹೊಸ ಮಾಡೆಲ್ಲೇ ಇರಬೇಕು ಅನ್ನುವ ಹಟವನ್ನೂ ಬಿಡಿ. ಒಂದು ರೋಗದ ವರದಿ ವ್ಯವಸ್ಥೆ ಎಷ್ಟು ಕೇಸು ಹಿಡಿಯುತ್ತದೆ, ಎಷ್ಟು ಬಿಡುತ್ತದೆ, ಎಷ್ಟು ದಿನ ತಡ ಮಾಡುತ್ತದೆ ಅಂತ ಅಳೆದು ತೋರಿಸುವ ಥೀಸಿಸ್ ನಮಗೆ ಮಾಡೆಲ್‌ನಿಂದ ಬರುವ ನೂರು ಆಡ್ಸ್ ರೇಷಿಯೋಗಳಿಗಿಂತ (ಎರಡು ಗುಂಪುಗಳಲ್ಲಿ ರೋಗದ ಸಾಧ್ಯತೆ ಹೋಲಿಸುವ ಸಂಖ್ಯೆಗಳಿಗಿಂತ) ಬೆಲೆಬಾಳುತ್ತದೆ. ಅದಕ್ಕೆ 'ಹೊಸತನ ಇಲ್ಲ' ಅಂತ ಕಡಿಮೆ ಅಂಕ ಬರುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಸಮಯ ಎಲ್ಲಿದೆ ಅನ್ನುತ್ತೀರಿ. ಒಂದೇ ಕೆಲಸಕ್ಕೆ ಮೂರು ಮೂರು ಸಾಫ್ಟ್‌ವೇರ್ ಕಲಿಸುತ್ತೀರಲ್ಲ, ಒಂದು ಸಾಕು. ಒಂದನ್ನು ಸರಿಯಾಗಿ ಕಲಿತವರು ಇನ್ನೊಂದನ್ನು ತಾವೇ ಕಲಿಯುತ್ತಾರೆ. ಖಾಸಗಿತನದ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕುವುದಿಲ್ಲ. ಹೆಸರು ತೆಗೆದ ಮಾತ್ರಕ್ಕೆ ಗುರುತು ಹೋಗುವುದಿಲ್ಲ. ಸಣ್ಣ ಊರು, ಅಪರೂಪದ ಕಾಯಿಲೆ, ವಯಸ್ಸು ಮೂರೂ ಸೇರಿದರೆ ಆ ವ್ಯಕ್ತಿ ಯಾರು ಅಂತ ಗೊತ್ತಾಗಿಬಿಡುತ್ತದೆ. ಇದರಲ್ಲಿ ತಪ್ಪು ನಮ್ಮ ಕಡೆಯೂ ಇದೆ. ಆರೋಗ್ಯ ಇಲಾಖೆಗಳು ಡೇಟಾ ಕೇಳಿದವರಿಗೆಲ್ಲ 'ಗೌಪ್ಯ' ಅಂತ ಒಂದೇ ಉತ್ತರ ಕೊಟ್ಟು ಬಾಗಿಲು ಹಾಕುತ್ತವೆ. ನಮ್ಮ ಕಚೇರಿಗೇ ವಿದ್ಯಾರ್ಥಿ ಬಂದು, ನಮ್ಮ ಕಂಪ್ಯೂಟರಿನಲ್ಲೇ, ಸಹಿ ಹಾಕಿದ ಕರಾರಿನ ಮೇಲೆ ಕೆಲಸ ಮಾಡುವುದಕ್ಕೆ ಏನೂ ಅಡ್ಡಿಯಿಲ್ಲ. ಡೇಟಾ ಹೊರಗೆ ಹೋಗುವ ಬದಲು ವಿದ್ಯಾರ್ಥಿ ಒಳಗೆ ಬರಲಿ. ಇದಕ್ಕೆ ಇಲಾಖೆಗಳು ಒಂದು ಕುರ್ಚಿ, ಒಂದು ಲಾಗಿನ್, ಮಾರ್ಗದರ್ಶನಕ್ಕೆ ಒಬ್ಬ ಅನುಭವಿ ಇಷ್ಟನ್ನು ತೆಗೆದಿಡಬೇಕು. ಈ ಪತ್ರ ಓದುತ್ತಿರುವ ಇಲಾಖೆಯ ಮುಖ್ಯಸ್ಥರು ಇದನ್ನು ತಮಗೆ ಬರೆದದ್ದು ಅಂತಲೇ ತಿಳಿಯಲಿ.

ಈ ಕೋರ್ಸ್ ಸೇರಬೇಕು ಅಂದುಕೊಂಡವರೂ ಇದನ್ನು ಓದುತ್ತಿರಬಹುದು. ಅವರಿಗೊಂದು ಮಾತು. ಪ್ರಾಸ್ಪೆಕ್ಟಸ್‌ನಲ್ಲಿರುವ ಫೋಟೋ ನೋಡಬೇಡಿ. 'ಕೊನೆಯ ಸೆಮಿಸ್ಟರಿನಲ್ಲಿ ನನಗೆ ಸಿಗುವ ಡೇಟಾ ಯಾರದ್ದು, ನಾನು ಅದನ್ನು ಮುಟ್ಟುವ ಮೊದಲು ಯಾರು ತೊಳೆದಿರುತ್ತಾರೆ?' ಅಂತ ಪ್ರವೇಶದ ದಿನವೇ ಕೇಳಿ. ಗಣಿತ ಸ್ವಲ್ಪ ಹಿಂದಿದ್ದರೆ ಹೆದರಬೇಡಿ, ಅದು ಕೂತು ಕಲಿತರೆ ಬರುತ್ತದೆ. ಅನುಮಾನಪಡುವ ಬುದ್ಧಿ ಇದೆಯಾ ನೋಡಿಕೊಳ್ಳಿ.

ನಿಮ್ಮ ಮುಂದಿನ ಪಠ್ಯಕ್ರಮ ಸಭೆಗೆ ಹೊರಗಿನ ತಜ್ಞರನ್ನು ಕರೆಯುತ್ತೀರಿ. ಸಾಮಾನ್ಯವಾಗಿ ಇನ್ನೊಂದು ವಿಶ್ವವಿದ್ಯಾಲಯದ ಪ್ರೊಫೆಸರ್ ಬರುತ್ತಾರೆ. ಈ ಸಲ ಒಂದು ಕುರ್ಚಿಯನ್ನು ರೋಗ ಕಣ್ಗಾವಲು ಘಟಕದಲ್ಲಿ ಕೆಲಸ ಮಾಡುವವರಿಗೆ, ಇನ್ನೊಂದನ್ನು ದಿನವಿಡೀ ಫಾರ್ಮ್‌ಗಳನ್ನು ಕಂಪ್ಯೂಟರಿಗೆ ತುಂಬುವ ಡೇಟಾ ಎಂಟ್ರಿಯವರಿಗೆ ಕೊಡಿ. ನಾವು ಬರುವಾಗ ಕಚ್ಚಾ ಫೈಲಿನ ಒಂದು ಪುಟ ಪ್ರಿಂಟ್ ಹಾಕಿಸಿ ತರುತ್ತೇವೆ, ಹೆಸರು ವಿಳಾಸ ಅಳಿಸಿ. ಮೊದಲು ಸಮಿತಿಯ ಸದಸ್ಯರೇ ಅದನ್ನು ಬಿಡಿಸಿ ನೋಡಲಿ, ಆಮೇಲೆ ಪಠ್ಯಕ್ರಮ ಬರೆಯೋಣ.

ಇಂತಿ,
ಲೈನ್ ಲಿಸ್ಟ್‌ಗಳ ನಡುವೆ ಕೆಲಸ ಮಾಡುವ ಒಬ್ಬ ಎಪಿಡೆಮಿಯಾಲಜಿಸ್ಟ್